ಬೆಂಗಳೂರಿನಲ್ಲಿ ಎಂಜಿನ್ ರೀಮ್ಯಾಪಿಂಗ್: ಬೆಳೆದು ಬಂದ ಬಗೆ

ಕಾರಿನ ಎಂಜಿನ್ನಿಗೆ ಯಾವ ಕ್ಷಣದಲ್ಲಿ ಎಷ್ಟು ಇಂಧನ ಹೋಗಬೇಕು, ಕಿಡಿ ಯಾವಾಗ ಹಾರಬೇಕು, ಟರ್ಬೊ ಎಷ್ಟು ಒತ್ತಡ ಕಟ್ಟಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಇಸಿಯು ಎಂಬ ಅಂಗೈಯಗಲದ ಪೆಟ್ಟಿಗೆ. ಅದರೊಳಗೆ ಈ ತೀರ್ಮಾನಗಳು ಕೋಷ್ಟಕಗಳಾಗಿ ಕೂತಿರುತ್ತವೆ. ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಎಂಜಿನ್ ಮೇಲಿನ ಲೋಡ್, ಎರಡೂ ಕೂಡುವ ಮನೆಯಲ್ಲಿ ಒಂದು ಅಂಕಿ. ಹದಿನಾರು ಅಡ್ಡಸಾಲು, ಹದಿನಾರು ಕಂಬಸಾಲು ಇರುವ ಒಂದು ಕೋಷ್ಟಕದಲ್ಲಿ 256 ಅಂಕಿಗಳು. ಇಂಥ ಕೋಷ್ಟಕಗಳು ಇವತ್ತಿನ ಒಂದು ಇಸಿಯುವಿನಲ್ಲಿ ಸಾವಿರಗಟ್ಟಲೆ ಇರುತ್ತವೆ. ಗ್ಯಾರೇಜಿನವರು ಇದನ್ನು ಮ್ಯಾಪ್ ಎನ್ನುತ್ತಾರೆ. ಅಂಕಿಗಳನ್ನು ತಿದ್ದಿ ಮತ್ತೆ ಇಸಿಯುವಿಗೆ ಬರೆಯುವುದು ರೀಮ್ಯಾಪಿಂಗ್. ಸ್ಪೋರ್ಟ್ ಮೋಡ್ ಇದರ ನೆಂಟ: ಕಾರು ತಯಾರಿಸಿದವರೇ ಬರೆದಿಟ್ಟ ಇನ್ನೊಂದು ಜೊತೆ ಮ್ಯಾಪುಗಳಿಗೆ ಗುಂಡಿ ಒತ್ತಿ ದಾಟಿಕೊಳ್ಳುವ ಏರ್ಪಾಡು.

ಈ ಕಸುಬಿನ ಬಗ್ಗೆ ಈಗ ಎರಡು ನಂಬಿಕೆಗಳು ಜೋರಾಗಿ ಓಡಾಡುತ್ತಿವೆ. ಕಂಪನಿಗಳು ಎಂಜಿನ್ನಿನ ಶಕ್ತಿಯನ್ನು ಬೇಕೆಂದೇ ಬಚ್ಚಿಟ್ಟಿರುತ್ತವೆ, ರೀಮ್ಯಾಪ್ ಮಾಡಿಸಿದರೆ ಅದು ಹೊರಗೆ ಬರುತ್ತದೆ ಎಂಬುದು ಒಂದು. ಸ್ಪೋರ್ಟ್ ಮೋಡ್ ಎಂದರೆ ಕಂಪನಿಯೇ ಪುಕ್ಕಟೆ ಕೊಟ್ಟ ಸಣ್ಣ ರೀಮ್ಯಾಪ್ ಎಂಬುದು ಇನ್ನೊಂದು. ಎರಡೂ ಪೂರ್ತಿ ಸುಳ್ಳಲ್ಲ, ಹಾಗಾಗಿಯೇ ತಿದ್ದುವುದು ಕಷ್ಟ. ಈ ಗೊಂದಲವನ್ನು ಬಿಡಿಸಿ ನೋಡಲು ಬೆಂಗಳೂರಿನ ಪೂರ್ವ ಭಾಗಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಕೆ.ಆರ್. ಪುರದಿಂದ ಗರುಡಾಚಾರ್‌ಪಾಳ್ಯ, ಹೂಡಿ ದಾಟಿ ವೈಟ್‌ಫೀಲ್ಡ್‌ಗೆ ಹೋಗುವ ರಸ್ತೆಯ ಆಸುಪಾಸಿನಲ್ಲಿ ವಾಹನಗಳ ಸಾಫ್ಟ್‌ವೇರ್ ಬರೆಯುವವರೂ ಇದ್ದಾರೆ, ಅದನ್ನು ತಿದ್ದುವವರೂ ಇದ್ದಾರೆ. ಜನರಲ್ ಮೋಟಾರ್ಸ್ 2003ರಲ್ಲಿ ತನ್ನ ತಾಂತ್ರಿಕ ಕೇಂದ್ರವನ್ನು ತೆರೆದದ್ದು ಐಟಿಪಿಎಲ್‌ನಲ್ಲಿ. 1996ರಿಂದ ಬೆಂಗಳೂರಿನಲ್ಲಿರುವ ಮರ್ಸಿಡಿಸ್-ಬೆಂಜ್‌ನ ಸಂಶೋಧನಾ ಸಂಸ್ಥೆಯ ಕಚೇರಿ ಬ್ರೂಕ್‌ಫೀಲ್ಡ್‌ನಲ್ಲಿದೆ. ಅದೇ ರಸ್ತೆಯ ಅಡ್ಡದಾರಿಗಳಲ್ಲಿ, ಮಹದೇವಪುರದ ಹಳೇ ಕೈಗಾರಿಕಾ ಶೆಡ್ಡುಗಳ ನಡುವೆ, ಎರಡು ಲಿಫ್ಟು, ಒಂದು ಲ್ಯಾಪ್‌ಟಾಪು ಇಟ್ಟುಕೊಂಡ ಗ್ಯಾರೇಜುಗಳಿವೆ. ಕಂಪನಿಗಳ ಒಳಗಿನವರಿಗೂ ಹೊರಗಿನವರಿಗೂ ಮಾತುಕತೆ ಇಲ್ಲ. ಮಧ್ಯಾಹ್ನದ ಊಟಕ್ಕೆ ಒಂದೇ ದರ್ಶಿನಿಗೆ ಬಂದರೂ ಇಲ್ಲ.

ಇಸಿಯು ಬರುವ ಮುಂಚಿನ ಕಾಲವನ್ನು ಬೇಗ ಮುಗಿಸಬಹುದು. ಆಗ ಟ್ಯೂನಿಂಗ್ ಎಂದರೆ ಕಾರ್ಬೊರೇಟರಿನ ಜೆಟ್ ಬದಲಿಸುವುದು, ಪಾಯಿಂಟ್ ಗ್ಯಾಪ್ ನೋಡುವುದು, ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿವಿಯಲ್ಲೇ ಟೈಮಿಂಗ್ ಹಿಡಿಯುವುದು. ಸಾಮಾನು ಬೇಕಾದರೆ ಶಿವಾಜಿನಗರದ ಗುಜರಿ, ಇಲ್ಲವೇ ಜೆ.ಸಿ. ರಸ್ತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಆಮೇಲೆ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಒಂದು ಇಡೀ ತಲೆಮಾರಿಗೆ ಪೋರ್ಟ್ ಕೆತ್ತುವುದನ್ನು ಕಲಿಸಿದವು. ಆ ಕಾಲದ ಬಗ್ಗೆ ಕಥೆಗಳು ಹೇರಳ, ದಾಖಲೆಗಳು ಇಲ್ಲ.

ಈ ಕಥೆಗಳಲ್ಲಿ ಯಾವಾಗಲೂ ಬಿಟ್ಟುಹೋಗುವವನು ಡೀಸೆಲ್ ಪಂಪಿನ ಮೆಕ್ಯಾನಿಕ್. 1951ರಲ್ಲಿ ಶುರುವಾದ ಮೈಕೊ ಆಡುಗೋಡಿಯಲ್ಲಿ ಇಂಧನ ಪಂಪುಗಳನ್ನು ತಯಾರಿಸಲು ತೊಡಗಿದ ಮೇಲೆ ರಾಜ್ಯದ ಊರೂರುಗಳಲ್ಲಿ ಪಂಪ್ ಕ್ಯಾಲಿಬ್ರೇಷನ್ ಅಂಗಡಿಗಳು ಹುಟ್ಟಿಕೊಂಡವು. ಲಾರಿಯಿಂದ ಬಿಚ್ಚಿ ತಂದ ಪಂಪನ್ನು ಟೆಸ್ಟ್ ಬೆಂಚಿಗೆ ಕಟ್ಟಿ, ಗೊತ್ತಾದ ವೇಗದಲ್ಲಿ ತಿರುಗಿಸಿ, ಸಾವಿರ ಸ್ಟ್ರೋಕಿಗೆ ಪ್ರತಿ ನಾಝಲಿನಿಂದ ಎಷ್ಟು ಡೀಸೆಲ್ ಬಿತ್ತೆಂದು ಗೀಟು ಹಾಕಿದ ಗಾಜಿನ ಕೊಳವೆಗಳಲ್ಲಿ ನೋಡುತ್ತಿದ್ದರು. ಆರೂ ಕೊಳವೆಗಳಲ್ಲಿ ಮಟ್ಟ ಒಂದೇ ಆಗುವ ತನಕ ಪಂಪು ವಾಪಸು ಹೋಗುವಂತಿರಲಿಲ್ಲ. ಸೀಲು ಒಡೆದು ಫುಲ್-ಲೋಡ್ ಸ್ಕ್ರೂ ತಿರುಗಿಸಿ ಪಿಕಪ್ ಏರಿಸಿಕೊಂಡ ಲಾರಿ ಮಾಲೀಕರೂ ಇದ್ದರು. ಅವರ ಗಾಡಿ ಘಾಟಿಯಲ್ಲಿ ಕರ್ರಗೆ ಹೊಗೆ ಬಿಡುತ್ತಿತ್ತು. ಇವತ್ತಿನ ಟ್ಯೂನರ್‌ಗಳಲ್ಲಿ ಒಳ್ಳೆಯವರ ಹಿರಿಯ ಎಂದರೆ ಆರ್‌ಎಕ್ಸ್ ಕೆತ್ತಿದವನಿಗಿಂತ ಹೆಚ್ಚಾಗಿ ಈ ಗಾಜಿನ ಕೊಳವೆ ನೋಡಿದವನೇ.

ಹೊರಗಿನ ಪ್ರಪಂಚದಲ್ಲಿ ಅಷ್ಟರಲ್ಲಿ ಎಲೆಕ್ಟ್ರಾನಿಕ್ಸ್ ಬಂದಾಗಿತ್ತು. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600ಕ್ಕೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ತಂದಿತು. 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿಗೆ ಬಂದ ಮೋಟ್ರಾನಿಕ್ ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಗಣಕದ ಕೈಗೆ ಕೊಟ್ಟಿತು. ಮ್ಯಾಪ್ ಎಂಬ ಕಲ್ಪನೆ ನೆಲೆಯೂರಿದ್ದು ಆಗ. 1980ರ ದಶಕದ ಇಸಿಯುಗಳಲ್ಲಿ ಮ್ಯಾಪು ಇರುತ್ತಿದ್ದದ್ದು ಸಾಕೆಟ್ಟಿನಲ್ಲಿ ಕೂರಿಸಿದ ಇಪ್ರಾಮ್ ಚಿಪ್ಪಿನಲ್ಲಿ. ಅದನ್ನು ಕಿತ್ತು ಬೇರೆ ಚಿಪ್ ಕೂರಿಸುವುದೇ ಚಿಪ್ ಟ್ಯೂನಿಂಗ್. ಬೆಂಗಳೂರಿಗೆ ಈ ಹಂತ ಬಂದೂ ಬಾರದ ಹಾಗೆ ಹಾದುಹೋಯಿತು. ಇಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿನ ಎಂಪಿಎಫ್‌ಐ ಕಾರುಗಳು ಹೆಚ್ಚಾದದ್ದೇ ಮಾಲಿನ್ಯ ನಿಯಮಗಳು ಬಿಗಿಯಾದ ಮೇಲೆ. ನಗರದಲ್ಲಿ ಬಿಎಸ್3 ಜಾರಿಯಾದದ್ದು 2005ರಲ್ಲಿ, ಬಿಎಸ್4 ಬಂದದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಚಿಪ್ಪುಗಳು ಬೋರ್ಡಿಗೆ ಬೆಸುಗೆಯಾಗಿ, ಡ್ಯಾಶ್‌ಬೋರ್ಡಿನ ಅಡಿಯ ಒಬಿಡಿ ಸಾಕೆಟ್ಟಿನಿಂದಲೇ ಓದಿ ಬರೆಯುವ ಕಾಲ ಬಂದಿತ್ತು.

ನಡುವೆ ಒಂದು ಅಡ್ಡದಾರಿಯ ಯುಗ ಇತ್ತು. 2002ರಲ್ಲಿ ಹ್ಯುಂಡೈ ಆಕ್ಸೆಂಟ್ ಸಿಆರ್‌ಡಿಐ ಬಂದಾಗ ಕಾಮನ್ ರೇಲ್ ಡೀಸೆಲ್ ಮೊದಲ ಬಾರಿಗೆ ಸಾಮಾನ್ಯ ಕಾರು ಕೊಳ್ಳುವವರ ಕೈಗೆ ಸಿಕ್ಕಿತು. ಅದರ ಹಿಂದೆಯೇ ಟ್ಯೂನಿಂಗ್ ಬಾಕ್ಸುಗಳು ಬಂದವು. ಇದರ ಕೆಲಸ ಸರಳ. ರೇಲ್ ಒತ್ತಡ ಅಳೆಯುವ ಸೆನ್ಸರಿಗೂ ಇಸಿಯುವಿಗೂ ನಡುವೆ ಕೂತು, ಇರುವ ಒತ್ತಡಕ್ಕಿಂತ ಕಡಿಮೆ ಇದೆ ಎಂದು ಸುಳ್ಳು ಹೇಳುವುದು. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ, ನಾಝಲ್ ತೆರೆದಿರುವ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಬೆಂಗಳೂರಿನ ಪೀಟ್ಸ್ ಎಂಬ ಟ್ಯೂನಿಂಗ್ ಸಂಸ್ಥೆಯ ಹೆಸರು ಆಗ ಡೀಸೆಲ್ ಕಾರಿನವರ ಬಾಯಲ್ಲೆಲ್ಲ ಇತ್ತು. 2007ರಲ್ಲಿ 1.3 ಲೀಟರಿನ ಫಿಯೆಟ್ ಮಲ್ಟಿಜೆಟ್ ಎಂಜಿನ್ನಿನ ಸ್ವಿಫ್ಟ್ ಬಂದ ಮೇಲಂತೂ ಈ ವ್ಯಾಪಾರ ಕೈಗೆ ಸಿಗದಷ್ಟು ಬೆಳೆಯಿತು. ಸ್ವಿಫ್ಟ್‌ನಲ್ಲಿ ಆ ಎಂಜಿನ್ನಿಗೆ 75 ಪಿಎಸ್, ಬೇರೆ ಕಾರುಗಳಲ್ಲಿ ಅದೇ ಎಂಜಿನ್ನಿಗೆ 90. ಬಚ್ಚಿಟ್ಟ ಶಕ್ತಿಯ ನಂಬಿಕೆ ಬೇರು ಬಿಟ್ಟದ್ದು ಇಲ್ಲೇ ಇರಬೇಕು. ಹೆಚ್ಚಿನ ಶಕ್ತಿಯ ಎಂಜಿನ್ನಿನಲ್ಲಿ ವೇರಿಯಬಲ್ ಜಿಯೊಮೆಟ್ರಿ ಟರ್ಬೊ ಇತ್ತು, ಸ್ವಿಫ್ಟ್‌ನದರಲ್ಲಿ ಇರಲಿಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಟ್ಯೂನಿಂಗ್ ಬಾಕ್ಸನ್ನು ಈಗಿನವರು ಹೀಗಳೆಯುವುದು ಫ್ಯಾಷನ್. ಅದಕ್ಕೊಂದು ಗುಣ ಇತ್ತು, ಬಿಚ್ಚಿದರೆ ಕಾರು ಮೊದಲಿನಂತಾಗುತ್ತಿತ್ತು. ದ್ವಿಚಕ್ರ ವಾಹನಗಳಲ್ಲಿ ಆ ಗುಣ ಇಂದಿಗೂ ಬೆಲೆ ಉಳಿಸಿಕೊಂಡಿದೆ. ಬೆಂಗಳೂರಿನ ರೇಸ್ ಡೈನಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್ ಎಂಬ ಪಿಗ್ಗಿಬ್ಯಾಕ್ ಇಸಿಯು ಮೂಲ ಇಸಿಯುವನ್ನು ಮುಟ್ಟದೆ ಇಂಧನ ಮತ್ತು ಕಿಡಿಯ ಸಂಕೇತಗಳನ್ನು ನಡುದಾರಿಯಲ್ಲಿ ತಿದ್ದುತ್ತದೆ. ಬಳಸುವವನೇ ಮ್ಯಾಪ್ ತೆರೆದು ನೋಡಬಹುದು, ಬದಲಿಸಬಹುದು. ವಿದೇಶದ ಬ್ರಾಂಡುಗಳ ಹೆಸರು ಹೇಳಿ ಈ ಕಸುಬಿನ ಚರಿತ್ರೆ ಮುಗಿಸುವವರು ಇಲ್ಲೇ ಕೂತು ಸರ್ಕೀಟು, ಸಾಫ್ಟ್‌ವೇರು ಎರಡನ್ನೂ ಮಾಡಿದವರನ್ನು ನೆನೆಯುವುದು ಕಡಿಮೆ.

ನಿಜವಾದ ರೀಮ್ಯಾಪಿಂಗ್ ಬೆಂಗಳೂರಿನಲ್ಲಿ ಬೇರೂರಿದ್ದು ಬಾಷ್‌ನ ಇಡಿಸಿ16 ಮತ್ತು ಅದರ ನಂತರದ ಇಡಿಸಿ17, ಎಂಇಡಿ17 ಇಸಿಯುಗಳ ಕಾಲದಲ್ಲಿ. ಈ ಪೀಳಿಗೆಯ ಇಸಿಯುಗಳು ಟಾರ್ಕ್ ಆಧರಿಸಿ ಯೋಚಿಸುತ್ತವೆ. ಆಕ್ಸಿಲರೇಟರ್ ಒತ್ತಿದರೆ ಥ್ರಾಟಲ್ ಬಾಗಿಲು ನೇರ ತೆರೆಯುವುದಿಲ್ಲ. ಚಾಲಕ ಇಷ್ಟು ನ್ಯೂಟನ್ ಮೀಟರ್ ಕೇಳುತ್ತಿದ್ದಾನೆ ಎಂದು ಒಂದು ಮ್ಯಾಪ್ ಅರ್ಥ ಮಾಡಿಕೊಳ್ಳುತ್ತದೆ. ಆ ಕೋರಿಕೆ ಹೊಗೆಯ ಮಿತಿ, ಗೇರ್‌ಬಾಕ್ಸಿನ ಮಿತಿ, ಎಕ್ಸಾಸ್ಟ್ ಬಿಸಿಯ ಮಿತಿ ಎಂದು ಒಂದೊಂದೇ ಬಾಗಿಲು ದಾಟಿ ಬರಬೇಕು. ಕೊನೆಗೆ ಉಳಿದಷ್ಟು ಟಾರ್ಕಿಗೆ ಬೇಕಾದ ಗಾಳಿ, ಇಂಧನ, ಕಿಡಿ ನಿಗದಿಯಾಗುತ್ತದೆ. ಟರ್ಬೊ ಒತ್ತಡದ ಒಂದೇ ಮ್ಯಾಪನ್ನು ಏರಿಸಿದರೆ ಮುಂದಿನ ಬಾಗಿಲಲ್ಲೇ ಅದು ನಿಂತುಬಿಡುತ್ತದೆ. ಮಿತಿಗಳನ್ನೆಲ್ಲ ಒಟ್ಟಿಗೆ ಎತ್ತಿದರೆ ಕಾಯುವವರು ಯಾರೂ ಉಳಿಯುವುದಿಲ್ಲ. ಯಾವ ಮಿತಿ ಯಾಕೆ ಇದೆ ಎಂದು ತಿಳಿದು, ಎಷ್ಟು ಸಡಿಲಿಸಬಹುದೆಂದು ಲೆಕ್ಕ ಹಾಕುವಲ್ಲಿ ಈ ಪೀಳಿಗೆಯ ಟ್ಯೂನರ್ ತನ್ನ ಹಿಂದಿನವರಿಂದ ಬೇರೆಯಾದ.

ಇದಕ್ಕೆ ತಕ್ಕ ಕಾರುಗಳೂ ಆಗ ಬಂದವು. 2013ರ ಪೋಲೊ ಜಿಟಿ ಟಿಎಸ್‌ಐ 1.2 ಲೀಟರಿನಿಂದ 105 ಪಿಎಸ್, 175 ನ್ಯೂಟನ್ ಮೀಟರ್ ಕೊಟ್ಟು ಸಣ್ಣ ಟರ್ಬೊ ಪೆಟ್ರೋಲಿನ ರುಚಿ ಹತ್ತಿಸಿತು. 2017ರಲ್ಲಿ 230 ಪಿಎಸ್‌ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2020ರಲ್ಲಿ 245 ಪಿಎಸ್‌ನ ಇನ್ನೂರೇ ಕಾರುಗಳು ಬಂದವು. 2025ರಲ್ಲಿ 265 ಪಿಎಸ್‌ನ ನೂರು ಆಕ್ಟೇವಿಯಾಗಳೂ 265 ಪಿಎಸ್‌ನ ಗಾಲ್ಫ್ ಜಿಟಿಐಯೂ ಸೇರಿಕೊಂಡವು. ಸಂಖ್ಯೆ ಕಡಿಮೆಯಾದರೂ ಐಟಿ ಸಂಬಳದ ಈ ಊರಿನಲ್ಲಿ ಅಂಥ ಕಾರುಗಳಿಗೆ ಗಿರಾಕಿಗಳಿದ್ದರು. ಗರುಡಾಚಾರ್‌ಪಾಳ್ಯದಿಂದ ಹೂಡಿಯ ತನಕದ ಗ್ಯಾರೇಜುಗಳಿಗೆ ಕೆಲಸವೂ ಬಂತು.

ಕೆಲಸ ನಡೆಯುವ ರೀತಿ ಹೀಗೆ. ಮೊದಲು ಬ್ಯಾಟರಿಗೆ ಹೊರಗಿನ ಸಪ್ಲೈ ಕೊಡುತ್ತಾರೆ, ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಇಸಿಯು ಸತ್ತ ಹಾಗೆ. ಒಬಿಡಿ ಸಾಕೆಟ್ಟಿನಿಂದಲೋ, ಇಸಿಯು ಬಿಚ್ಚಿ ಬೆಂಚಿನ ಮೇಲಿಟ್ಟೋ ಮೂಲ ಫೈಲನ್ನು ಓದಿ ಎರಡು ಕಡೆ ಉಳಿಸುತ್ತಾರೆ. ಓದಲು ಇಟಲಿಯ ಏಲಿಯನ್‌ಟೆಕ್‌ನ ಕೆಸ್, ಕೆ-ಟ್ಯಾಗ್‌ನಂಥ ಸಲಕರಣೆ. ತೆರೆದು ನೋಡಲು ಜರ್ಮನಿಯ ವಿನ್‌ಓಎಲ್‌ಎಸ್. ಫೈಲು ತೆರೆದರೆ ಕಾಣುವುದು ಬರೀ ಅಂಕಿಗಳ ಕಾಡು. ಎಲ್ಲಿ ಯಾವ ಮ್ಯಾಪ್ ಇದೆ ಎಂದು ಹೇಳುವ ವಿವರಣೆಯ ಫೈಲು ಕೈಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಅಂಕಿಗಳ ಏರಿಳಿತದ ಆಕಾರ ನೋಡಿ ಗುರುತು ಹಿಡಿಯಬೇಕು. ತಿದ್ದಿ, ಚೆಕ್‌ಸಮ್ ಸರಿಪಡಿಸಿ, ಮರಳಿ ಬರೆಯುವುದು ಅರ್ಧ ಗಂಟೆಯ ಮಾತು.

ಕಸುಬು ಶುರುವಾಗುವುದು ಆಮೇಲೆ. ರಸ್ತೆ ಖಾಲಿ ಇರುವ ಬೆಳಗಿನ ಜಾವ ಹಳೇ ಮದ್ರಾಸು ರಸ್ತೆ ಹಿಡಿದು ಹೊಸಕೋಟೆಯ ಆಚೆಗೆ ಹೋಗಿ, ಇಲ್ಲವೇ ಶಕ್ತಿ ಅಳೆಯುವ ಡೈನೋ ಉರುಳೆಗಳ ಮೇಲೆ ನಿಲ್ಲಿಸಿ, ಮೂರನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಕೆಂಪು ಗೆರೆಯ ತನಕ ಒಮ್ಮೆ ಎಳೆದು ಲಾಗ್ ತೆಗೆಯುತ್ತಾರೆ. ಕೇಳಿದ ಒತ್ತಡ ಎಷ್ಟು, ಸಿಕ್ಕ ಒತ್ತಡ ಎಷ್ಟು, ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು, ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದನ್ನು, ಅಂದರೆ ನಾಕ್ ಅನ್ನು, ಹಿಡಿಯುವ ನಾಕ್ ಸೆನ್ಸರ್ ಯಾವ ಸಿಲಿಂಡರಿನ ಕಿಡಿಯನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆಯಿತು ಎಂದು ಸಾಲುಸಾಲಾಗಿ ಬರುತ್ತದೆ. ನಾಲ್ಕರಲ್ಲಿ ಮೂರು ಸಿಲಿಂಡರು ಒಂದೂವರೆ ಡಿಗ್ರಿಯಲ್ಲಿದ್ದು ಒಂದೇ ಒಂದು ಆರು ಡಿಗ್ರಿ ತೋರಿಸಿದರೆ, ಶಕ್ತಿ ಎಷ್ಟೇ ಚೆನ್ನಾಗಿರಲಿ, ಆ ಮ್ಯಾಪು ಮರಳಿ ಮೇಜಿಗೆ ಬರಬೇಕು. ಪ್ಲಗ್ಗೋ ಕಾಯಿಲೋ ಕೆಟ್ಟಿದ್ದರೂ ಗೊತ್ತಾಗುವುದು ಆಗಲೇ. ಹೀಗೆ ನಾಲ್ಕಾರು ಸಲ ಎಳೆದು, ತಿದ್ದಿ, ಬರೆದು ಕಳಿಸುವ ಟ್ಯೂನರ್‌ಗಳು ಈ ಕ್ಷೇತ್ರದ ಗೌರವ ಉಳಿಸಿದವರು.

ಇವರ ಪಕ್ಕದಲ್ಲೇ ಬೆಳೆದದ್ದು ಫೈಲ್ ಸರ್ವಿಸ್. ಇಲ್ಲಿ ಗ್ಯಾರೇಜಿನವನ ಬಳಿ ಇರುವುದು ಸ್ಲೇವ್ ಸಲಕರಣೆ. ಅವನು ಓದಿದ ಫೈಲನ್ನು ಅವನೇ ತೆರೆಯಲಾರ. ಅದನ್ನು ಎಲ್ಲೋ ಕೂತ ಮಾಸ್ಟರಿಗೆ ಕಳಿಸುತ್ತಾನೆ, ತಿದ್ದಿದ ಫೈಲು ಒಂದು ಗಂಟೆಯಲ್ಲಿ ವಾಪಸು ಬರುತ್ತದೆ, ಬರೆದು ದುಡ್ಡು ಎಣಿಸಿಕೊಳ್ಳುತ್ತಾನೆ. ಒಳಗೆ ಏನು ಬದಲಾಯಿತೆಂದು ಗಿರಾಕಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಸ್ಟೇಜ್ ಒನ್, ಸ್ಟೇಜ್ ಟೂ ಎಂಬ ಮಾತುಗಳು ಊರೆಲ್ಲ ಹರಡಿದ್ದು ಈ ವ್ಯಾಪಾರದಿಂದಲೇ. ಸ್ಟೇಜ್ ಒನ್ ಎಂದರೆ ಬಿಡಿಭಾಗ ಬದಲಿಸದೆ ಮ್ಯಾಪು ಮಾತ್ರ, ಸ್ಟೇಜ್ ಟೂ ಎಂದರೆ ಡೌನ್‌ಪೈಪು, ಇನ್‌ಟೇಕು ಸೇರಿ ಎಂದು ಒಂದು ಅಂದಾಜು ಒಪ್ಪಂದ ಇದೆಯೇ ಹೊರತು ಯಾವ ಮಾನಕವೂ ಇಲ್ಲ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸದ್ದು ಬರಲೆಂದು ಇಂಧನ ನಿಲ್ಲಿಸದೆ, ಕಿಡಿಯನ್ನು ತಡಮಾಡಿ, ಎಕ್ಸಾಸ್ಟ್ ಕೊಳವೆಯಲ್ಲಿ ಉರಿಸುವ ಮ್ಯಾಪುಗಳು ಈ ದಾರಿಯಲ್ಲೇ ಬಂದವು. ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಬಚ್ಚಿಟ್ಟ ಶಕ್ತಿಯ ಮಾತಿಗೆ ಗೇರ್‌ಬಾಕ್ಸು ಕೊಡುವ ಉತ್ತರವನ್ನು ನೋಡಬೇಕು. ಪೋಲೊ ಜಿಟಿ ಟಿಎಸ್‌ಐಯಲ್ಲಿದ್ದ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ, ಅಂದರೆ ಡಿಕ್ಯು200, ತಾಳಬಲ್ಲ ಟಾರ್ಕ್ 250 ನ್ಯೂಟನ್ ಮೀಟರ್. ಎಂಜಿನ್ 175 ಕೊಡುತ್ತಿದ್ದ ಕಾರಿನಲ್ಲಿ ಏರಿಸಲು ಜಾಗ ಇತ್ತು. ಅದೇ ಗೇರ್‌ಬಾಕ್ಸನ್ನು ಸ್ಲಾವಿಯಾ, ಕುಶಾಕ್‌ಗಳ 1.5 ಟಿಎಸ್‌ಐಗೆ ಜೋಡಿಸಿದಾಗ ಎಂಜಿನ್ ಕಂಪನಿಯಿಂದಲೇ 250 ಕೊಡುತ್ತದೆ. ಅಲ್ಲಿ ಬಚ್ಚಿಟ್ಟದ್ದು ಏನೂ ಉಳಿದಿಲ್ಲ, ಏರಿಸಿದಷ್ಟೂ ಕ್ಲಚ್ಚಿನ ಆಯುಷ್ಯದಿಂದ ತೆಗೆದ ಸಾಲ. ಆಕ್ಟೇವಿಯಾ ಆರ್‌ಎಸ್‌ನ ವೆಟ್ ಕ್ಲಚ್ ಗೇರ್‌ಬಾಕ್ಸಿನ ಕಥೆ ಬೇರೆ. ಸಣ್ಣ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಿಗೆ ಇನ್ನೊಂದು ಕಾಟ ಇದೆ: ಕಡಿಮೆ ಆರ್‌ಪಿಎಂನಲ್ಲಿ ಭಾರೀ ಲೋಡ್ ಬಿದ್ದಾಗ ಕಿಡಿಗೆ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದು. 1,500 ಆರ್‌ಪಿಎಂನಲ್ಲೇ ಒದೆಯುವಂಥ ಟಾರ್ಕ್ ಇಟ್ಟ ಮ್ಯಾಪು ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಖುಷಿ ಕೊಡುತ್ತದೆ, ಪಿಸ್ಟನ್ ಒಡೆಯುವುದೂ ಅಲ್ಲೇ.

ಸ್ಪೋರ್ಟ್ ಮೋಡಿನ ಚರಿತ್ರೆ ಬೇರೆ ಬೇರಿನಿಂದ ಹುಟ್ಟಿದ್ದು. ಅದಕ್ಕೆ ಬೇಕಾದದ್ದು ಪೆಡಲಿಗೂ ಥ್ರಾಟಲಿಗೂ ನಡುವಿನ ಕೇಬಲ್ಲು ಹೋಗಿ ತಂತಿ ಬರುವುದು. 1980ರ ದಶಕದ ಕೊನೆಯಲ್ಲಿ ಬಿಎಂಡಬ್ಲ್ಯು 750ಐನಲ್ಲಿ ಎಲೆಕ್ಟ್ರಾನಿಕ್ ಥ್ರಾಟಲ್ ಬಂತು. ಅದಕ್ಕೂ ಮುಂಚೆ ಜಪಾನಿನ ಆಟೊಮ್ಯಾಟಿಕ್ ಕಾರುಗಳ ಪವರ್ ಗುಂಡಿ ಗೇರು ಬದಲಿಸುವ ವೇಗವನ್ನಷ್ಟೇ ಮುಂದೂಡುತ್ತಿತ್ತು. 2004ರ ಫೆರಾರಿ ಎಫ್430 ಸ್ಟೀರಿಂಗ್ ಮೇಲೆಯೇ ತಿರುಗಿಸುವ ಗುಂಡಿ ಇಟ್ಟು ಎಲ್ಲ ಹೊಂದಿಕೆಗಳನ್ನು ಒಂದೆಡೆ ತಂದಿತು. ಇಲ್ಲಿನ ಜನಸಾಮಾನ್ಯರ ಕಾರಿಗೆ ಮೋಡುಗಳನ್ನು ತಂದ ಹೆಗ್ಗಳಿಕೆ 2014ರ ಟಾಟಾ ಜೆಸ್ಟ್‌ಗೆ ಸಲ್ಲಬೇಕು: ಇಕೊ, ಸಿಟಿ, ಸ್ಪೋರ್ಟ್. 2021ರ ಮಹೀಂದ್ರಾ ಎಕ್ಸ್‌ಯುವಿ700 ಡೀಸೆಲ್‌ನಲ್ಲಿ ಅವು ಜಿಪ್, ಜ್ಯಾಪ್, ಜೂಮ್ ಆದವು.

ಸಾಮಾನ್ಯವಾಗಿ ಪೆಟ್ರೋಲ್ ಕಾರಿನ ಸ್ಪೋರ್ಟ್ ಮೋಡ್ ಗರಿಷ್ಠ ಶಕ್ತಿಯನ್ನು ಒಂದು ಪಿಎಸ್ ಕೂಡ ಏರಿಸುವುದಿಲ್ಲ. ಪೆಡಲಿನ ಮ್ಯಾಪು ಬದಲಾಗುತ್ತದೆ. ಕಾಲು ಮೂರನೇ ಒಂದು ಭಾಗ ಒತ್ತಿದಾಗಲೇ ಅರ್ಧಕ್ಕಿಂತ ಹೆಚ್ಚು ಟಾರ್ಕ್ ಕೇಳಿದ ಹಾಗೆ ಲೆಕ್ಕ. ಪೂರ್ತಿ ಒತ್ತಿದರೆ ಎರಡೂ ಮೋಡಿನಲ್ಲಿ ಸಿಗುವುದು ಅಷ್ಟೇ. ಗೇರ್‌ಬಾಕ್ಸು ಮೇಲಿನ ಗೇರಿಗೆ ತಡವಾಗಿ ಹೋಗುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಎಕ್ಸಾಸ್ಟ್ ಬಾಗಿಲು ತೆರೆದುಕೊಳ್ಳುತ್ತದೆ, ಕೆಲವು ಕಾರುಗಳಲ್ಲಿ ಕ್ಯಾಬಿನ್ನಿಗೆ ಕೃತಕ ಸದ್ದು ಸೇರಿಕೊಳ್ಳುತ್ತದೆ. ಕಾರಿಗೆ ಜೀವ ಬಂತು ಎಂದು ಹೇಳುವವರಲ್ಲಿ ಹೆಚ್ಚಿನವರು ಹೊಗಳುವುದು ಪೆಡಲ್ ಮ್ಯಾಪನ್ನು. ಹಾಗೆಂದು ಇದು ಕಣ್ಣುಕಟ್ಟಲ್ಲ. ನಿಧಾನದ ತಿರುವಿನಿಂದ ಹೊರಬರುವಾಗ ಸರಿಯಾದ ಗೇರು ಮೊದಲೇ ಸಿದ್ಧವಿರುವುದು ದೊಡ್ಡ ಅನುಕೂಲ. ನಿಯಮಕ್ಕೆ ಅಪವಾದವೂ ಇದೆ. 2005ರ ಬಿಎಂಡಬ್ಲ್ಯು ಎಂ5 ಸ್ಟಾರ್ಟ್ ಮಾಡಿದಾಗ ಸುಮಾರು 400 ಅಶ್ವಶಕ್ತಿಗೇ ಸೀಮಿತವಾಗಿರುತ್ತಿತ್ತು, ಗುಂಡಿ ಒತ್ತಿದರೆ ಮಾತ್ರ ಐನೂರು. ಆ ಕಾರಿನ ಮಟ್ಟಿಗೆ ಬಚ್ಚಿಟ್ಟ ಶಕ್ತಿಯ ಮಾತು ಅಕ್ಷರಶಃ ನಿಜ.

ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲೆ ಅಪವಾದವೇ ನಿಯಮವಾಯಿತು. ಇದರ ಮುಖ್ಯ ಉದಾಹರಣೆ ಬೆಂಗಳೂರಿನದೇ. 2018ರಲ್ಲಿ ಎಥರ್ 450 ಸ್ಕೂಟರ್ ಬಿಡುಗಡೆಯಾಗಿ ಇಂದಿರಾನಗರದಲ್ಲಿ ಮಳಿಗೆ ತೆರೆದಾಗ ಇಕೊ, ರೈಡ್, ಸ್ಪೋರ್ಟ್ ಎಂಬ ಮೋಡುಗಳು ಮೋಟಾರಿಗೆ ಹೋಗುವ ಶಕ್ತಿಯನ್ನೇ ಬೇರೆಬೇರೆ ಮಟ್ಟದಲ್ಲಿ ಕಟ್ಟಿಹಾಕುತ್ತಿದ್ದವು. 2020ರ 450ಎಕ್ಸ್‌ನಲ್ಲಿ ಅದರ ಮೇಲೆ ವಾರ್ಪ್ ಬಂತು. ಸಾಫ್ಟ್‌ವೇರ್ ಗಾಳಿಯಲ್ಲೇ ಬಂದು ಇಳಿಯುವುದರಿಂದ ರೀಮ್ಯಾಪ್ ಮಾಡುವವನೂ ಕಂಪನಿಯೇ. ಹೊಸ ಪೆಟ್ರೋಲ್, ಡೀಸೆಲ್ ಇಸಿಯುಗಳೂ ಅದೇ ದಿಕ್ಕಿಗೆ ಹೊರಳಿವೆ. ಬಾಷ್‌ನ ಎಂಜಿ1, ಎಂಡಿ1 ಪೀಳಿಗೆಯಲ್ಲಿ ಸಾಫ್ಟ್‌ವೇರಿಗೆ ಡಿಜಿಟಲ್ ಸಹಿ ಇದೆ. ಮೊದಲಿನ ಹಾಗೆ ಸಾಕೆಟ್ಟಿಗೆ ಕೇಬಲ್ ಚುಚ್ಚಿ ಬರೆಯುವುದು ಆಗುವುದಿಲ್ಲ, ಇಸಿಯು ಬಿಚ್ಚಿ ಬೀಗ ಒಡೆಯಬೇಕು.

ಕಾನೂನು ಈ ಕಸುಬನ್ನು ನೋಡುವುದೇ ಇಲ್ಲ, ನೋಡಿದರೆ ಪೂರ್ತಿ ನಿಷೇಧಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಎಂದು ಬರೆಯಿತು. ರಸ್ತೆಯಲ್ಲಿ ಸಿಕ್ಕಿಬೀಳುವುದು ಸೈಲೆನ್ಸರ್, ರೀಮ್ಯಾಪ್ ಕಣ್ಣಿಗೆ ಕಾಣುವುದಿಲ್ಲ. ಪೆಟ್ರೋಲ್ ಬಂಕಿನ ಎಮಿಷನ್ ಟೆಸ್ಟು ಪೆಟ್ರೋಲ್ ಕಾರನ್ನು ನಿಂತಲ್ಲೇ ನೋಡುತ್ತದೆ, ಡೀಸೆಲಿನಲ್ಲಿ ಹೊಗೆಯ ಸಾಂದ್ರತೆಯನ್ನಷ್ಟೇ ನೋಡುತ್ತದೆ; ಲೋಡ್ ಬಿದ್ದಾಗ ಬರುವ ನೈಟ್ರೋಜನ್ ಆಕ್ಸೈಡು ಅದಕ್ಕೆ ಗೊತ್ತೇ ಆಗುವುದಿಲ್ಲ. ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್ ಮುಚ್ಚಿ, ಮಸಿ ಹಿಡಿಯುವ ಡಿಪಿಎಫ್ ಕಿತ್ತು, ಸಾಫ್ಟ್‌ವೇರಿನಲ್ಲಿ ಅವುಗಳ ಎಚ್ಚರಿಕೆ ದೀಪ ಆರಿಸಿದ ಡೀಸೆಲ್ ಗಾಡಿಗೂ ಸರ್ಟಿಫಿಕೇಟು ಸಿಗುತ್ತದೆ.

ಈ ಕುರುಡುತನದ ಲಾಭ ಪಡೆದವರು ಶೆಡ್ಡಿನವರು ಮಾತ್ರವಲ್ಲ. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಹಗರಣದ ತಿರುಳು ಒಂದು ಮ್ಯಾಪು ಬದಲಾವಣೆ: ಪರೀಕ್ಷೆ ನಡೆಯುತ್ತಿದೆ ಎಂದು ಇಸಿಯು ಗುರುತಿಸಿದರೆ ಒಂದು ಹೊಂದಿಕೆ, ರಸ್ತೆಗೆ ಬಂದರೆ ಇನ್ನೊಂದು. ಅದೇ ವರ್ಷ ಭಾರತದಲ್ಲಿ ಇಎ189 ಎಂಜಿನ್ನಿನ ಸುಮಾರು 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯುವುದಾಗಿ ಕಂಪನಿ ಹೇಳಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಸರಿಪಡಿಸಿದ ವಿಧಾನವೂ ರೀಮ್ಯಾಪೇ, ಅಧಿಕೃತ ಎಂಬ ಮುದ್ರೆ ಇದ್ದದ್ದು. ಕಾನೂನುಬದ್ಧ ಮ್ಯಾಪು ಶುದ್ಧ, ಶೆಡ್ಡಿನ ಮ್ಯಾಪು ಕೊಳಕು ಎಂಬ ಸಲೀಸಾದ ವಿಂಗಡಣೆ ಆಮೇಲೆ ಉಳಿಯಲಿಲ್ಲ.

ಕ್ಷೇತ್ರದ ಅತಿ ದೊಡ್ಡ ಕೊರತೆ ಅಳತೆಯದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಕಡಲ ತೀರದಲ್ಲಿ ಗಾಳಿಯ ಒತ್ತಡ 1,013 ಹೆಕ್ಟೊಪಾಸ್ಕಲ್ ಇದ್ದರೆ ಇಲ್ಲಿ 910ರ ಆಸುಪಾಸು. ಟರ್ಬೊ ಇಲ್ಲದ ಎಂಜಿನ್ ಹತ್ತರಲ್ಲೊಂದು ಪಾಲು ಶಕ್ತಿಯನ್ನು ಇಲ್ಲಿ ಸುಮ್ಮನೆ ಕಳೆದುಕೊಳ್ಳುತ್ತದೆ. ಟರ್ಬೊ ಇರುವ ಎಂಜಿನ್ ಹೆಚ್ಚು ತಿರುಗಿ ಆ ನಷ್ಟ ತುಂಬಿಕೊಳ್ಳುತ್ತದೆ. ಎರಡು ಬಾರ್ ಒತ್ತಡ ಬೇಕೆಂದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಿದರೆ ಸಾಕು, ಇಲ್ಲಿ 2.2 ಪಟ್ಟು ಒತ್ತಬೇಕು. ತಗ್ಗಿನ ಊರೊಂದರಲ್ಲಿ ಬರೆದ ಫೈಲನ್ನು ಹಾಗೇ ಇಲ್ಲಿನ ಕಾರಿಗೆ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ಟರ್ಬೊ ತನ್ನ ಮಿತಿಗೆ ತಾಗುತ್ತದೆ, ಒಳಬರುವ ಗಾಳಿ ಕಾಯುತ್ತದೆ, ನಾಕ್ ಶುರುವಾಗುತ್ತದೆ. ಇಂಧನವೂ ಒಂದೇ ಸಮ ಇಲ್ಲ. ಬಿಎಸ್6 ಸಾಮಾನ್ಯ ಪೆಟ್ರೋಲಿಗೆ ನಿಗದಿಯಾಗಿದ್ದ ಕನಿಷ್ಠ ಆಕ್ಟೇನ್ 91, ಯುರೋಪಿನಲ್ಲಿ ಸಾಮಾನ್ಯ ಎನಿಸಿಕೊಳ್ಳುವುದೇ 95. ಈಗ ಶೇ 20 ಎಥನಾಲ್ ಬೆರೆಸಿದ ಇ20 ಬಂದು ಆಕ್ಟೇನ್ ಏರಿತು, ಆದರೆ ಎಥನಾಲಿನಲ್ಲಿ ಉರಿಯುವ ಶಕ್ತಿ ಕಡಿಮೆ ಇರುವುದರಿಂದ ಅಷ್ಟೇ ಕೆಲಸಕ್ಕೆ ಹೆಚ್ಚು ಪೆಟ್ರೋಲ್ ಸುರಿಯಬೇಕು. ಎಥನಾಲ್ ಇಲ್ಲದ ಕಾಲದಲ್ಲಿ ಬರೆದ ಸ್ಟೇಜ್ ಟೂ ಫೈಲುಗಳನ್ನು ಮರಳಿ ಲಾಗ್ ಮಾಡಿ ನೋಡಿದವರು ವಿರಳ.

ಡೈನೋ ಕಾಗದದ ಮೇಲೂ ಇದೇ ಎತ್ತರ ಆಟವಾಡುತ್ತದೆ. ಬೇರೆಬೇರೆ ಹವೆಯಲ್ಲಿ ತೆಗೆದ ಅಳತೆಗಳನ್ನು ಹೋಲಿಸಲು ಎಸ್‌ಎಇ ಜೆ1349 ಎಂಬ ತಿದ್ದುಪಡಿ ಸೂತ್ರ ಇದೆ. ಇಲ್ಲಿನ ಒತ್ತಡವನ್ನು ಅದಕ್ಕೆ ಕೊಟ್ಟರೆ ಫಲಿತಾಂಶಕ್ಕೆ ಸುಮಾರು ಶೇ 10 ಕೂಡಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಅದು ನ್ಯಾಯ. ನಷ್ಟವನ್ನು ತಾನೇ ತುಂಬಿಕೊಂಡ ಟರ್ಬೊ ಕಾರಿಗೂ ಅದನ್ನೇ ಕೂಡಿಸಿದರೆ ಚಕ್ರದಲ್ಲಿ 200 ಇದ್ದದ್ದು ಕಾಗದದಲ್ಲಿ 220 ಆಗುತ್ತದೆ. ರೀಮ್ಯಾಪಿಗೆ ಮುಂಚಿನ ಅಳತೆಯನ್ನು ತಿದ್ದುಪಡಿ ಇಲ್ಲದೆ, ಆಮೇಲಿನದನ್ನು ತಿದ್ದುಪಡಿ ಸೇರಿಸಿ ತೋರಿಸಿದರೆ ಹಚ್ಚಿದ ಹಣ ವಸೂಲಾದ ಹಾಗೆ ಕಾಣುತ್ತದೆ. ಮುಂಚಿನ ಅಳತೆಯನ್ನೇ ತೆಗೆಯದ ಕಡೆ ಈ ಕಷ್ಟವೂ ಇಲ್ಲ.

ಕೆ.ಆರ್. ಪುರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಪಶ್ಚಿಮಕ್ಕೆ ಹಾಸನ ದಾಟಿ ಶಿರಾಡಿ ಘಾಟಿ ಇಳಿದು ಕರಾವಳಿಯ ತನಕ ಹೋಗುತ್ತದೆ. ಒಂದೇ ಕಾರು, ಒಂದೇ ಮ್ಯಾಪು, ಒಂದೇ ಬಂಕಿನ ಪೆಟ್ರೋಲು ಹಾಕಿ ಒಂದೇ ದಿನದಲ್ಲಿ 900 ಮೀಟರಿನ ವ್ಯತ್ಯಾಸವನ್ನು ಲಾಗ್ ಮಾಡಲು ಇದಕ್ಕಿಂತ ಅನುಕೂಲದ ರಸ್ತೆ ಬೇಡ. ಇಂಥ ಅಳತೆಗಳು ಕಂಪನಿಗಳ ಬಳಿ ಇವೆ, ಅವು ಗುಟ್ಟು. ಶೆಡ್ಡುಗಳ ಬಳಿಯೂ ತುಣುಕು ತುಣುಕಾಗಿ ಇವೆ, ಲ್ಯಾಪ್‌ಟಾಪ್ ಬದಲಿಸಿದಾಗ ಅಳಿಸಿಹೋಗುತ್ತವೆ. ಕ್ಯಾಲಿಬ್ರೇಷನ್ ಎಂಜಿನಿಯರಿಗೆ ಶೆಡ್ಡಿನ ಕಾರು ಒಂದು ಲಕ್ಷ ಕಿಲೊಮೀಟರ್ ಓಡಿದ ಮೇಲೆ ಏನಾಯಿತೆಂದು ತಿಳಿಯುವುದಿಲ್ಲ, ಶೆಡ್ಡಿನವನಿಗೆ ಆ ಮಿತಿಯನ್ನು ಅಷ್ಟಕ್ಕೇ ಯಾಕೆ ಇಟ್ಟರೆಂದು ತಿಳಿಯುವುದಿಲ್ಲ. ಕನ್ನಡದಲ್ಲಿ ಮೆಕ್ಯಾನಿಕ್ ಕಲಿಯುವ ಹುಡುಗನಿಗೆ ಪಾಯಿಂಟ್ ಗ್ಯಾಪ್ ಕಲಿಸುವ ಪುಸ್ತಕ ಸಿಗಬಹುದು, ಟಾರ್ಕ್ ಮಿತಿಯ ಮ್ಯಾಪನ್ನು ವಿವರಿಸುವ ಪುಸ್ತಕ ಸಿಗುವುದು ಕಷ್ಟ. ಸದ್ಯಕ್ಕೆ ನಂಬಬಹುದಾದದ್ದು ಬಿಲ್ಲಿನ ಜೊತೆ ಐದು ವಿವರ ಬರೆದುಕೊಡುವ ಕೆಲವೇ ಟ್ಯೂನರ್‌ಗಳನ್ನು: ರೀಮ್ಯಾಪಿಗೆ ಮುಂಚಿನ ತಿದ್ದುಪಡಿ ಇಲ್ಲದ ಅಳತೆ, ಆ ದಿನದ ಗಾಳಿಯ ಒತ್ತಡ, ಒಳಬರುವ ಗಾಳಿಯ ಬಿಸಿ, ಹಾಕಿಸಿದ ಪೆಟ್ರೋಲಿನ ಆಕ್ಟೇನ್, ಮತ್ತು ಪ್ರತಿ ಸಿಲಿಂಡರಿನ ನಾಕ್ ಲಾಗ್.